ಕೋಲ್‌ಚೆಸ್ಟರ್‌ನ ‘ಜಂಬೋ’: ಇಟ್ಟಿಗೆಯ ನಾಲ್ಕು ಕಾಲುಗಳ ಮೇಲೆ ನಿಂತ ನೀರಿನ ಗೋಪುರ

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಕೋಲ್‌ಚೆಸ್ಟರ್ ದಿಬ್ಬದ ಮೇಲಿನ ಊರು. ಅದರ ರೈಲು ನಿಲ್ದಾಣವಿರುವುದು ಮಾತ್ರ ಊರಿನ ಉತ್ತರಕ್ಕೆ, ಕೋಲ್ನ್ ನದಿಯ ಆಚೆ ಬದಿಯಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಬಂದು ಊರ ಕಡೆಗೆ ಹೆಜ್ಜೆ ಹಾಕುವವರು ತಲೆಯೆತ್ತಿ ನೋಡಿದರೆ, ದಿಬ್ಬದ ಪಶ್ಚಿಮದ ಅಂಚಿನಲ್ಲಿ ಕೆಂಪು ಇಟ್ಟಿಗೆಯ ಭಾರಿ ಕಟ್ಟಡವೊಂದು ಎದ್ದು ನಿಂತಿರುವುದು ಕಾಣುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಾಲುಗಳು, ಅವುಗಳನ್ನು ಮೇಲೆ ಕೂಡಿಸುವ ಎತ್ತರದ ಕಮಾನುಗಳು, ಕಮಾನುಗಳ ಮೇಲೊಂದು ತೊಟ್ಟಿ, ತೊಟ್ಟಿಯ ಮೇಲೆ ಹಸಿರಿಗೆ ತಿರುಗಿದ ತಾಮ್ರದ ಚಾವಣಿ, ಚಾವಣಿಯ ನೆತ್ತಿಯಲ್ಲಿ ಪುಟ್ಟದೊಂದು ಮಂಟಪ. ಮೊದಲ ಬಾರಿ ನೋಡುವವರು ಇದನ್ನು ಯಾವುದೋ ಚರ್ಚಿನ ಗೋಪುರವೆಂದೋ ಕೋಟೆಯ ಬುರುಜೆಂದೋ ಭಾವಿಸುವುದು ಸಹಜ. ಇದು 1883ರಲ್ಲಿ ಊರಿಗೆ ನೀರು ಕೊಡುವುದಕ್ಕಾಗಿ ಕಟ್ಟಿ ಮುಗಿಸಿದ ನೀರಿನ ಗೋಪುರ. ಊರಿನವರೆಲ್ಲರ ಬಾಯಲ್ಲಿ ಅದರ ಹೆಸರು ‘ಜಂಬೋ’.

ಈ ಊರಿನಲ್ಲಿ ನೆಲೆಸಿರುವ ನನಗೆ ಜಂಬೋ ದಿನನಿತ್ಯದ ದಿಕ್ಸೂಚಿ. ಯಾರಾದರೂ ದಾರಿ ಕೇಳಿದರೆ ಜಂಬೋದ ಬಲಕ್ಕೆ, ಜಂಬೋದ ಹಿಂದೆ, ಜಂಬೋ ದಾಟಿ ಎಂದು ಹೇಳುವುದು ಇಲ್ಲಿನ ರೂಢಿ. ನಮ್ಮ ಬಡಾವಣೆಗಳಲ್ಲಿ ‘ವಾಟರ್ ಟ್ಯಾಂಕ್ ಹತ್ತಿರ’ ಎನ್ನುವಂತೆಯೇ. ಆದರೆ ನಮ್ಮ ಬಡಾವಣೆಯ ಕಾಂಕ್ರೀಟ್ ಟ್ಯಾಂಕನ್ನು ನಿಂತು ನೋಡುವವರಿಲ್ಲ, ಜಂಬೋವನ್ನು ನೋಡಲು ಜನ ನಿಲ್ಲುತ್ತಾರೆ. ಒಂದು ತೊಟ್ಟಿಯನ್ನು ಎತ್ತರಕ್ಕೆ ಏರಿಸುವುದಷ್ಟೇ ಕೆಲಸವಾಗಿದ್ದಾಗ, ಆ ಕೆಲಸವನ್ನು ಇಷ್ಟು ಗಾಂಭೀರ್ಯದಿಂದ ಮಾಡಿದ್ದು ಏಕೆ, ಮತ್ತು ತೊಟ್ಟಿಯಲ್ಲಿ ನೀರು ನಿಂತುಹೋಗಿ ದಶಕಗಳಾದ ಮೇಲೂ ಊರು ಅದನ್ನು ಬಿಟ್ಟುಕೊಡಲು ಒಪ್ಪದಿರುವುದು ಏಕೆ ಎಂಬುದು ನನ್ನನ್ನು ಬಹುಕಾಲದಿಂದ ಹಿಡಿದಿರುವ ಪ್ರಶ್ನೆ. ಅದಕ್ಕೆ ನನಗೆ ತೋಚಿದ ಉತ್ತರ ಕಟ್ಟಡದ ಕಾಲುಗಳ ನಡುವಿನ ಖಾಲಿ ಜಾಗದಲ್ಲಿದೆ. ಅಲ್ಲಿಗೆ ಬರುವ ಮುನ್ನ ಕಟ್ಟಡವನ್ನು ಬುಡದಿಂದ ನೋಡಬೇಕು.

ಗೋಪುರವನ್ನು ರೂಪಿಸಿದವರು ಆಗಿನ ನಗರಾಡಳಿತದ ಎಂಜಿನಿಯರ್ ಚಾರ್ಲ್ಸ್ ಕ್ಲೆಗ್. ಇದಕ್ಕೆ 12 ಲಕ್ಷ ಇಟ್ಟಿಗೆ, 369 ಟನ್ ಕಲ್ಲು ಮತ್ತು 142 ಟನ್ ಕಬ್ಬಿಣ ಬಳಕೆಯಾದವೆಂಬುದು ದಾಖಲಾಗಿರುವ ಲೆಕ್ಕ. ಎತ್ತರ ಸುಮಾರು 130 ಅಡಿ. ತೊಟ್ಟಿಯ ಮೂಲ ಸಾಮರ್ಥ್ಯ 2,21,000 ಗ್ಯಾಲನ್. ಇಂಗ್ಲೆಂಡಿನ ಗ್ಯಾಲನ್ ಸುಮಾರು ನಾಲ್ಕೂವರೆ ಲೀಟರಿನದಾದ್ದರಿಂದ ಇದು ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕವೆಂದರೆ, ತೊಟ್ಟಿ ತುಂಬಿದ ದಿನ ಆ ನಾಲ್ಕು ಕಾಲುಗಳು ತಮ್ಮ ತಲೆಯ ಮೇಲೆ ಸಾವಿರ ಟನ್ ನೀರನ್ನು ಹೊತ್ತು ನಿಲ್ಲಬೇಕಿತ್ತು. ಅದರ ಜೊತೆಗೆ ಕಟ್ಟಡದ ಸ್ವಂತ ಭಾರವೂ ಇದೆ. ಒಂದು ಇಟ್ಟಿಗೆಗೆ ಮೂರು ಕಿಲೋ ಎಂದು ಹಿಡಿದರೂ ಬರೀ ಇಟ್ಟಿಗೆಯೇ 3,600 ಟನ್ ಆಗುತ್ತದೆ. ಹೊರುವ ಕಟ್ಟಡ ಹೊರೆಗಿಂತ ಕೆಲವು ಪಟ್ಟು ಹೆಚ್ಚು ಭಾರವಾಗಿದೆ ಎಂಬುದು ಇಂದಿನ ಎಂಜಿನಿಯರಿಗೆ ದುಂದು ಎನಿಸಬಹುದು. ಆದರೆ ಇಟ್ಟಿಗೆಯ ಸ್ವಭಾವವೇ ಅಂಥದು. ಅದು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಆದ್ದರಿಂದ ಇಟ್ಟಿಗೆಯಲ್ಲಿ ಎತ್ತರಕ್ಕೆ ಕಟ್ಟುವವರು ಎಲ್ಲ ಭಾರವೂ ನೇರವಾಗಿ ಕೆಳಗಿಳಿಯುವಂತೆ, ಯಾವ ಭಾಗವೂ ಬಾಗದಂತೆ, ಗಾಳಿ ತಳ್ಳಿದರೂ ಅಲುಗದಂತೆ ದಪ್ಪವಾಗಿಯೇ ಕಟ್ಟಬೇಕು. ಇಲ್ಲಿನ ಕಮಾನುಗಳು ಅಲಂಕಾರಕ್ಕೆ ಬಂದವಲ್ಲ. ತೊಟ್ಟಿಯ ನಡುಭಾಗದ ಭಾರವನ್ನು ಎರಡು ಬದಿಯ ಕಾಲುಗಳಿಗೆ ಹಂಚಿ ಕೆಳಗಿಳಿಸಲು ಇಟ್ಟಿಗೆ ಬಲ್ಲ ಉಪಾಯ ಅದೊಂದೇ.

ನಾಲ್ಕು ಕಾಲುಗಳ ನಟ್ಟನಡುವೆ ಐದನೆಯದೊಂದು ಕಂಬವಿದೆ. ದೂರದಿಂದ ನೋಡಿದರೆ ಅದೂ ಒಂದು ಆಧಾರವೆಂದೇ ತೋರುತ್ತದೆ. ಹತ್ತಿರ ಹೋದರೆ ಅದರ ಬುಡದಲ್ಲಿ ಬಾಗಿಲು ಕಾಣುತ್ತದೆ. ಅದರೊಳಗೆ ಸುತ್ತು ಮೆಟ್ಟಿಲಿದೆ. ಅದು ನೆಲದಿಂದ ಹೊರಟು, ತೊಟ್ಟಿಯ ನಡುವಿನಿಂದಲೇ ಹಾದು, ಚಾವಣಿಯ ಮೇಲಿನ ಮಂಟಪಕ್ಕೆ ಹೋಗಿ ಮುಟ್ಟುತ್ತದೆ. ತೊಟ್ಟಿಯಲ್ಲಿ ನೀರಿದ್ದ ಕಾಲದಲ್ಲಿ ಮೆಟ್ಟಿಲು ಹತ್ತುವವರ ಸುತ್ತಲೂ, ಗೋಡೆಯ ಆಚೆಗೆ, ಹತ್ತು ಲಕ್ಷ ಲೀಟರ್ ನೀರು ನಿಂತಿರುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ಝುಮ್ಮೆನ್ನುತ್ತದೆ. ನೀರಿನ ತೊಟ್ಟಿಯ ತಲೆಯ ಮೇಲೆ, ನಿಂತು ಊರು ನೋಡಲು ಒಂದು ಮಂಟಪ ಕಟ್ಟಬೇಕೆಂದು ಎಂಜಿನಿಯರಿಗೆ ಅನ್ನಿಸಿತಲ್ಲ, ಅದನ್ನು ನಾನು ಈ ಕಟ್ಟಡದ ಅತ್ಯಂತ ಉದಾರವಾದ ಭಾಗವೆಂದು ಎಣಿಸುತ್ತೇನೆ. ನೀರಿನ ಒತ್ತಡಕ್ಕೂ ಆ ಮಂಟಪಕ್ಕೂ ಸಂಬಂಧವಿಲ್ಲ.

ಈ ಗೋಪುರ ಬೇಕಾದದ್ದು ಏಕೆಂಬುದನ್ನು ತಿಳಿಯಲು ಊರಿನ ನೆಲವನ್ನು ನೋಡಬೇಕು. ನೀರು ಸಿಗುವುದು ದಿಬ್ಬದ ಬುಡದಲ್ಲಿ, ಜನ ವಾಸಿಸುವುದು ದಿಬ್ಬದ ಮೇಲೆ. ಬಾಲ್ಕರ್ನ್ ಹಿಲ್ ಎಂಬ ಈ ಇಳಿಜಾರಿನ ಕೆಳಗೆ ಹಳೆಯ ಕಾಲದಿಂದಲೂ ಬುಗ್ಗೆಗಳಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಜಾಗದಲ್ಲಿಯೇ ನೀರು ಸರಬರಾಜಿನ ಕೇಂದ್ರ ಬೆಳೆಯಿತು. ಬುಡದಿಂದ ನೀರನ್ನು ಉಗಿಯಂತ್ರಗಳಿಂದ ಮೇಲಕ್ಕೆ ತಳ್ಳುವುದು ಸಾಧ್ಯವಾಗಿತ್ತು. ಆದರೆ ದಿಬ್ಬದ ಮೇಲಿನ ಮನೆಗಳ ನಲ್ಲಿಗೆ, ಅದರಲ್ಲೂ ಮಾಳಿಗೆಯ ಮೇಲಿನ ನಲ್ಲಿಗೆ, ಹಗಲೂ ರಾತ್ರಿ ಒಂದೇ ಸಮನೆ ನೀರು ಬರಬೇಕಾದರೆ, ಆ ಮನೆಗಳಿಗಿಂತ ಎತ್ತರದಲ್ಲಿ ನೀರು ಕಾದು ನಿಂತಿರಬೇಕು. ವಿಕ್ಟೋರಿಯಾ ಕಾಲದ ಬ್ರಿಟನ್ನಿನ ಅನೇಕ ಊರುಗಳಲ್ಲಿ ನೀರು ಬರುತ್ತಿದ್ದುದು ದಿನದ ಕೆಲವು ಗಂಟೆಗಳು ಮಾತ್ರ. ಬಂದಾಗ ಹಿಡಿದಿಟ್ಟುಕೊಳ್ಳಬೇಕು, ಇಲ್ಲವಾದರೆ ಇಲ್ಲ. ಬೆಂಗಳೂರಿನಲ್ಲಿ ವಾರಕ್ಕೆರಡು ದಿನ ನೀರು ಬಿಡುವ ಬಡಾವಣೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲರಾ, ಟೈಫಾಯ್ಡ್‌ಗಳ ಭಯವೂ, 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯೂ ಸೇರಿ, ನೀರು ಪೂರೈಸುವುದು ಖಾಸಗಿ ಕಂಪನಿಗಳ ವ್ಯಾಪಾರವಲ್ಲ, ನಗರಾಡಳಿತದ ಹೊಣೆ ಎಂಬ ತಿಳಿವಳಿಕೆ ಆ ಕಾಲದಲ್ಲಿ ಬಲವಾಗಿ ಬೇರೂರುತ್ತಿತ್ತು. ಕೋಲ್‌ಚೆಸ್ಟರ್‌ನ ನಗರಾಡಳಿತವೂ 1880ರ ಸುಮಾರಿಗೆ ನೀರಿನ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಅದಾದ ಕೆಲವೇ ವರ್ಷಗಳಲ್ಲಿ ಜಂಬೋ ಎದ್ದಿತು.

ಗೋಪುರ ಕೆಲಸ ಮಾಡುವ ಬಗೆ ಸರಳ. ಪಂಪು ತನ್ನ ಪಾಡಿಗೆ ನೀರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಬಳಕೆ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ತೊಟ್ಟಿ ತುಂಬುತ್ತದೆ. ಬೆಳಗ್ಗೆ ಊರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಪಂಪು ಕೊಡಲಾರದಷ್ಟನ್ನು ತೊಟ್ಟಿ ಕೊಡುತ್ತದೆ. ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಆ ನಲ್ಲಿಯಲ್ಲಿ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ, ಇಪ್ಪತ್ತು ಮೀಟರ್ ಇದ್ದರೆ ಎರಡು. ತೊಟ್ಟಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದೇ ಮುಖ್ಯ. ಆಗಿನ ಕೋಲ್‌ಚೆಸ್ಟರ್‌ನ ಜನಸಂಖ್ಯೆ ಸುಮಾರು 28 ಸಾವಿರ. ಹತ್ತು ಲಕ್ಷ ಲೀಟರನ್ನು ಅಷ್ಟು ಜನರಿಗೆ ಹಂಚಿದರೆ ತಲೆಗೆ ಸಿಗುವುದು ಮೂವತ್ತೈದು ಲೀಟರ್, ಅಂದರೆ ಎರಡು ದೊಡ್ಡ ಕೊಡ. ಇಡೀ ಊರಿನ ದಾಹವನ್ನು ದಿನಗಟ್ಟಲೆ ತಣಿಸುವ ಕಣಜವಲ್ಲ ಇದು. ಪಂಪಿಗೂ ನಲ್ಲಿಗೂ ನಡುವೆ ನಿಂತು ಏರುಪೇರನ್ನು ಸರಿದೂಗಿಸುವ, ಬೆಂಕಿ ಬಿದ್ದರೆ ತಕ್ಷಣ ಒತ್ತಡದ ನೀರು ಕೊಡುವ ಮಧ್ಯವರ್ತಿ. ಎರಡು ಕೊಡದ ಭರವಸೆಯನ್ನು ಪ್ರತಿಯೊಬ್ಬರಿಗೂ ಕೊಡಲು 12 ಲಕ್ಷ ಇಟ್ಟಿಗೆ ಬೇಕಾಯಿತು. ಆ ಖರ್ಚು ತಕ್ಕುದೇ ಆಗಿತ್ತೆಂದು ನಾನು ನಂಬುತ್ತೇನೆ.

ಈಗ ಹೆಸರಿನ ವಿಷಯ. ಗೋಪುರ ನಿಂತ ಜಾಗಕ್ಕೆ ಅಂಟಿಕೊಂಡಂತೆ ಸೇಂಟ್ ಮೇರಿ ಅಟ್ ದ ವಾಲ್ಸ್ ಎಂಬ ಚರ್ಚಿದೆ. ಅದರ ಪಾದ್ರಿಯಾಗಿದ್ದ ಜಾನ್ ಅರ್ವಿನ್ ಅವರ ನಿವಾಸವೂ ಅಲ್ಲಿಯೇ ಇತ್ತು. ತಮ್ಮ ಮನೆಯನ್ನು ಕುಬ್ಜಗೊಳಿಸಿ, ಆಕಾಶವನ್ನು ಆಕ್ರಮಿಸಿ ಬೆಳೆಯುತ್ತಿದ್ದ ಈ ಕಟ್ಟಡವನ್ನು ಕಂಡು ರೋಸಿಹೋದ ಅವರು ಅದನ್ನು ‘ಜಂಬೋ’ ಎಂದು ಮೂದಲಿಸಿದರು. ಆಗ ಇಡೀ ಬ್ರಿಟನ್ನಿನ ಮಾತೆಲ್ಲ ಜಂಬೋ ಎಂಬ ಆನೆಯ ಬಗ್ಗೆಯೇ ಇತ್ತು. 1860ರ ಸುಮಾರಿಗೆ ಆಫ್ರಿಕದಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಸೆರೆಸಿಕ್ಕಿ, ಪ್ಯಾರಿಸ್ಸಿನ ಮೃಗಾಲಯದ ಮೂಲಕ 1865ರಲ್ಲಿ ಲಂಡನ್ ಮೃಗಾಲಯಕ್ಕೆ ಬಂದ ಆ ಆನೆಯ ಬೆನ್ನೇರಿ ಒಂದು ತಲೆಮಾರಿನ ಮಕ್ಕಳು ಸವಾರಿ ಮಾಡಿದ್ದರು. ಮೃಗಾಲಯದವರು 1882ರಲ್ಲಿ ಅದನ್ನು ಅಮೆರಿಕದ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್‌ಗೆ 2,000 ಪೌಂಡಿಗೆ ಮಾರಿದಾಗ ದೇಶವೇ ಸಿಟ್ಟಿಗೆದ್ದಿತು, ಮಾರಾಟವನ್ನು ತಡೆಯಬೇಕೆಂದು ಮಕ್ಕಳು ರಾಣಿ ವಿಕ್ಟೋರಿಯಾಗೆ ಪತ್ರ ಬರೆದರು. ಆನೆ ಹೋಯಿತು. ಮೂರೇ ವರ್ಷಗಳಲ್ಲಿ, 1885ರ ಸೆಪ್ಟೆಂಬರಿನಲ್ಲಿ, ಕೆನಡಾದ ಸೇಂಟ್ ಥಾಮಸ್ ಎಂಬಲ್ಲಿ ರೈಲು ಬಡಿದು ಸತ್ತಿತು. ಆನೆ ಮಾರಾಟವಾದ ವರ್ಷವೇ ಕೋಲ್‌ಚೆಸ್ಟರ್‌ನಲ್ಲಿ ಗೋಪುರದ ಕೆಲಸ ನಡೆಯುತ್ತಿದ್ದುದರಿಂದ ಪಾದ್ರಿಯವರ ಬಾಯಿಗೆ ಆ ಹೆಸರು ಬಂದದ್ದು ಆಶ್ಚರ್ಯವಲ್ಲ. ಆದರೆ ಬೈಗುಳವಾಗಿ ಹುಟ್ಟಿದ ಹೆಸರನ್ನು ಊರು ಮುದ್ದಿನ ಹೆಸರಾಗಿ ಎತ್ತಿಕೊಂಡಿತು. ಗೋಪುರದ ತುದಿಯ ಗಾಳಿಸೂಚಿಯ ಮೇಲೆ ಹಿತ್ತಾಳೆಯ ಒಂದು ಪುಟ್ಟ ಆನೆಯನ್ನೂ ನಿಲ್ಲಿಸಿದರು. ಪಾದ್ರಿಯವರ ಚರ್ಚು ಈಗ ಚರ್ಚಾಗಿ ಉಳಿದಿಲ್ಲ. ಅದು ಕೋಲ್‌ಚೆಸ್ಟರ್ ಆರ್ಟ್ಸ್ ಸೆಂಟರ್ ಆಗಿ ಸಂಗೀತ ಕಾರ್ಯಕ್ರಮಗಳಿಗೆ ಬಾಗಿಲು ತೆರೆದಿದೆ.

ಜಂಬೋದ ನೆರೆಹೊರೆ ಸಾಮಾನ್ಯವಾದುದಲ್ಲ. ಒಂದು ಬದಿಯಲ್ಲಿ 1972ರಲ್ಲಿ ಆರಂಭವಾದ ಮರ್ಕ್ಯುರಿ ರಂಗಮಂದಿರ. ಇನ್ನೊಂದು ಬದಿಗೆ ಕೆಲವೇ ಹೆಜ್ಜೆ ನಡೆದರೆ ಬಾಲ್ಕರ್ನ್ ಗೇಟ್, ಬ್ರಿಟನ್ನಿನಲ್ಲಿ ಉಳಿದಿರುವ ರೋಮನ್ ಹೆಬ್ಬಾಗಿಲುಗಳಲ್ಲೆಲ್ಲ ದೊಡ್ಡದು. ಕೋಲ್‌ಚೆಸ್ಟರ್ ಕಮುಲೋಡುನಮ್ ಎಂಬ ಹೆಸರಿನಲ್ಲಿ ರೋಮನ್ ಬ್ರಿಟನ್ನಿನ ಮೊದಲ ರಾಜಧಾನಿಯಾಗಿತ್ತು. ಕ್ರಿ.ಶ. 60–61ರಲ್ಲಿ ಬೌಡಿಕಾ ರಾಣಿಯ ಸೈನ್ಯ ಅದನ್ನು ಸುಟ್ಟು ಬೂದಿಮಾಡಿದ ಮೇಲೆ, ರೋಮನ್ನರು ಊರನ್ನು ಮತ್ತೆ ಕಟ್ಟಿ, ಸುತ್ತ ಕೋಟೆಗೋಡೆ ಎಬ್ಬಿಸಿದರು. ಆ ಗೋಡೆಯ ದೊಡ್ಡ ಪಾಲು ಇಂದಿಗೂ ನಿಂತಿದೆ. ಹೆಬ್ಬಾಗಿಲಿನಲ್ಲಿ ಈಗ ಉಳಿದಿರುವುದು ಕಾಲುದಾರಿಯ ಒಂದು ಕಮಾನು ಮತ್ತು ಕಾವಲು ಕೋಣೆಯ ಭಾಗ. ಆ ಕಮಾನಿನಡಿ ಜನ ಈಗಲೂ ನಡೆದಾಡುತ್ತಾರೆ.

ಈ ಎರಡನ್ನೂ ಒಂದೇ ಮಧ್ಯಾಹ್ನ ನೋಡುವವರು ದಯವಿಟ್ಟು ಹತ್ತಿರ ನಿಂತು ಇಟ್ಟಿಗೆಗಳನ್ನು ಹೋಲಿಸಬೇಕು. ರೋಮನ್ ಇಟ್ಟಿಗೆ ನಮ್ಮ ಕಣ್ಣಿಗೆ ಇಟ್ಟಿಗೆಯಂತೆ ಕಾಣುವುದೇ ಇಲ್ಲ. ಅಗಲವಾದ, ತೆಳ್ಳನೆಯ ಹಂಚಿನ ಬಿಲ್ಲೆಗಳವು. ಒರಟು ಕಲ್ಲಿನ ಕೆಲವು ವರಸೆಗಳಾದ ಮೇಲೆ ಇಂಥ ಬಿಲ್ಲೆಗಳ ವರಸೆ, ಮತ್ತೆ ಕಲ್ಲು, ಮತ್ತೆ ಬಿಲ್ಲೆ ಎಂಬ ಕ್ರಮದಲ್ಲಿ ಗೋಡೆ ಏರುತ್ತದೆ. ಬಿಲ್ಲೆಗಳ ನಡುವಿನ ಗಾರೆಯ ಪದರ ಎಷ್ಟೋ ಕಡೆ ಬಿಲ್ಲೆಯಷ್ಟೇ ದಪ್ಪ. ನೀರು ತಾಗುವ ಕಡೆಗಳಲ್ಲಿ ರೋಮನ್ನರು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ನಸುಗೆಂಪು ಗಾರೆ ಮಾಡುತ್ತಿದ್ದರು. ಅದು ನಮ್ಮಲ್ಲಿ ಸುರ್ಕಿ ಎಂದು ಹೆಸರಾದ ಗಾರೆಯ ಬಗೆಯದೇ. ಕೃಷ್ಣರಾಜಸಾಗರದ ಅಣೆಕಟ್ಟು ನಿಂತಿರುವುದೂ ಸುರ್ಕಿ ಗಾರೆಯ ಮೇಲೆಯೇ. ಜಂಬೋದ ಇಟ್ಟಿಗೆಯಾದರೋ ಕೈಗೆ ಹಿಡಿಯಾಗುವ, ಅಚ್ಚಿನಿಂದ ಬಂದ, ಅಂಚು ನೇರವಾದ ವಿಕ್ಟೋರಿಯಾ ಕಾಲದ ಇಟ್ಟಿಗೆ. ಗಾರೆಯ ಸಂದು ಕಿರಿದು, ಸಾಲು ಗೆರೆ ಎಳೆದಂತೆ ಸಮ. ಮಳೆ ಬಿದ್ದ ಮರುದಿನ ಕಾಲುಗಳ ಬುಡದ ಇಟ್ಟಿಗೆ ಕಡುಗೆಂಪಾಗಿ, ಬಿಸಿಲು ಬಿದ್ದ ಮೇಲ್ಭಾಗ ಕಿತ್ತಳೆಯ ಛಾಯೆಗೆ ತಿರುಗಿರುವುದನ್ನು ನೋಡಬಹುದು. ಕಮಾನಿನ ಬಾಗಿನಲ್ಲಿ ಮಾತ್ರ ಇಟ್ಟಿಗೆಗಳು ಸಾಲು ಬಿಟ್ಟು, ಒಂದರ ಪಕ್ಕ ಒಂದು ಓರೆಯಾಗಿ ನಿಂತು, ತಮ್ಮ ಮೇಲೆ ಬಿದ್ದ ಭಾರವನ್ನು ಪಕ್ಕದ್ದಕ್ಕೆ ದಾಟಿಸುತ್ತವೆ. ಹದಿನೆಂಟು ನೂರು ವರ್ಷಗಳ ಅಂತರದ ಎರಡು ಕಟ್ಟಡಗಳಲ್ಲಿ ಇಟ್ಟಿಗೆಯ ಅಳತೆ ಬದಲಾಗಿದೆ, ಗಾರೆ ಬದಲಾಗಿದೆ. ಕಮಾನಿನ ಕೆಲಸ ಒಂದಿಷ್ಟೂ ಬದಲಾಗಿಲ್ಲ.

ಈ ಊರಿನಲ್ಲಿ ಇಟ್ಟಿಗೆ ಸಾಯುವುದಿಲ್ಲ ಎಂದೇ ಹೇಳಬೇಕು. ಕ್ಲಾಡಿಯಸ್ ಚಕ್ರವರ್ತಿಯ ದೇವಾಲಯದ ಅಡಿಪಾಯದ ಮೇಲೆ ನಾರ್ಮನ್ನರು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಮನೆಯ ಗೋಡೆಗಳಲ್ಲಿ ಕಾಣುವುದು ರೋಮನ್ನರ ಇಟ್ಟಿಗೆಗಳೇ. ಸೇಂಟ್ ಬೊಟಾಲ್ಫ್ ಮಠದ ಪಾಳುಗೋಡೆಗಳಲ್ಲೂ ಅವೇ ಇಟ್ಟಿಗೆಗಳಿವೆ. ಹಳೆಯದನ್ನು ಕಿತ್ತು ಹೊಸದಕ್ಕೆ ಬಳಸುವ ಈ ದೀರ್ಘ ಪರಂಪರೆಯ ನಡುವೆ ಜಂಬೋ ಪೂರಾ ಹೊಸ ಇಟ್ಟಿಗೆಯಿಂದ, ರಾಜನಿಗಲ್ಲ, ದೇವರಿಗಲ್ಲ, ಊರಿನ ಅಡುಗೆಮನೆಗಳಿಗಾಗಿ ಎದ್ದ ಕಟ್ಟಡ. ಕೋಟೆಯ ಪಕ್ಕದಲ್ಲಿ ಸಂಕೋಚವಿಲ್ಲದೆ ನಿಲ್ಲುವಂತೆ ಅದನ್ನು ಕಟ್ಟಿದವರು ಈ ವ್ಯತ್ಯಾಸವನ್ನು ಅರಿತೇ ಕಟ್ಟಿದ್ದರು ಎಂದು ನನಗೆ ಅನ್ನಿಸುತ್ತದೆ.

ಕಟ್ಟಿ ಮುಗಿದ ಮರುವರ್ಷವೇ ಜಂಬೋಗೆ ದೊಡ್ಡ ಪರೀಕ್ಷೆ ಎದುರಾಯಿತು. 1884ರ ಏಪ್ರಿಲ್ 22ರ ಬೆಳಗ್ಗೆ ಒಂಬತ್ತು ದಾಟಿದ ಸ್ವಲ್ಪ ಹೊತ್ತಿಗೆ ಕೋಲ್‌ಚೆಸ್ಟರ್ ಸುತ್ತಮುತ್ತ ಭೂಮಿ ನಡುಗಿತು. ಬ್ರಿಟನ್ನಿನಂಥ ಶಾಂತ ನೆಲದಲ್ಲಿ ಅದು ಶತಮಾನಗಳಲ್ಲೇ ಅತ್ಯಂತ ಹಾನಿಕರವಾದ ಭೂಕಂಪ. ಊರಿನಲ್ಲಿಯೂ ವಿವನ್‌ಹೋ, ಪೆಲ್ಡನ್ ಮೊದಲಾದ ಸುತ್ತಲಿನ ಹಳ್ಳಿಗಳಲ್ಲಿಯೂ ಸೇರಿ ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟಾಯಿತು. ಹೊಗೆಕೊಳವೆಗಳು ಸಾಲುಸಾಲಾಗಿ ಉರುಳಿದವು, ಲಯನ್ ವಾಕ್ ಚರ್ಚಿನ ಚೂಪು ಶಿಖರದ ತುದಿ ಮುರಿದು ಬಿತ್ತು. ಎತ್ತರದ ಇಟ್ಟಿಗೆ ಕಟ್ಟಡಕ್ಕೆ, ಅದರಲ್ಲೂ ತಲೆಭಾರದ ಕಟ್ಟಡಕ್ಕೆ, ಅಡ್ಡಲಾಗಿ ಅಲುಗುವ ನೆಲಕ್ಕಿಂತ ದೊಡ್ಡ ಶತ್ರುವಿಲ್ಲ. ಜಂಬೋ ನಿಂತೇ ಇತ್ತು. ಕಾಲುಗಳ ಆ ‘ದುಂದು’ ದಪ್ಪದ ಬೆಲೆ ಅಂದು ತಿಳಿದಿರಬೇಕು.

ಅಲ್ಲಿಂದ ಮುಂದೆ ಸುಮಾರು ಒಂದು ಶತಮಾನ ಗೋಪುರ ತನ್ನ ಕೆಲಸ ಮಾಡಿತು. ಆ ಅವಧಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚೆನ್ನಾಗಿ ಕೆಲಸ ಮಾಡುವ ನೀರಿನ ತೊಟ್ಟಿಗೆ ಚರಿತ್ರೆ ಇರುವುದಿಲ್ಲ. 1980ರ ದಶಕದಲ್ಲಿ ಅದನ್ನು ಬಳಕೆಯಿಂದ ಕೈಬಿಟ್ಟು, ಖಾಸಗಿಯವರಿಗೆ ಮಾರಲಾಯಿತು. ಜಂಬೋದ ಕಷ್ಟದ ಕಾಲ ಶುರುವಾದದ್ದು ಆಗ. ಒಂದು ಕಾಲದಲ್ಲಿ ಅದು ಪ್ರಾರ್ಥನೆಯ ಗೋಪುರವೂ ಆಗಿತ್ತು. ಆಮೇಲೆ ಕೈಯಿಂದ ಕೈಗೆ ದಾಟಿತು. ತೊಟ್ಟಿಯೊಳಗೆ ಪಾರಿವಾಳಗಳು ಸೇರಿಕೊಂಡವು. ಕಟ್ಟಡಕ್ಕೆ ಗ್ರೇಡ್ 2 ಸ್ಟಾರ್ ಎಂಬ, ಮಹತ್ವದ ಹಳೆಯ ಕಟ್ಟಡಗಳ ಸರ್ಕಾರಿ ಪಟ್ಟಿಯ ರಕ್ಷಣೆ ಇರುವುದರಿಂದ ಅದನ್ನು ಕೆಡವುವಂತಿಲ್ಲ, ಮನಬಂದಂತೆ ಬದಲಿಸುವಂತೆಯೂ ಇಲ್ಲ. ಆದರೆ ಕೆಡವದಿರುವುದೇ ಕಾಪಾಡಿದಂತೆ ಆಗುವುದಿಲ್ಲ. ಯಾರೂ ಬಳಸದ ಕಟ್ಟಡದ ಚಾವಣಿಯನ್ನು ಯಾರೂ ದುರಸ್ತಿ ಮಾಡಿಸುವುದಿಲ್ಲ.

ಮಾಲೀಕರ ಕಡೆಯಿಂದ ಮತ್ತೆ ಮತ್ತೆ ಬಂದ ಯೋಜನೆಗಳ ತಿರುಳು ಬಹುಮಟ್ಟಿಗೆ ಒಂದೇ: ನಾಲ್ಕು ಕಾಲುಗಳ ನಡುವಿನ ಖಾಲಿ ಜಾಗಕ್ಕೆ ಗಾಜಿನ ಗೋಡೆ ಹಾಕಿ, ಒಳಗೆ ಅಂತಸ್ತುಗಳನ್ನು ಜೋಡಿಸಿ, ವಾಸದ ಮನೆಗಳನ್ನು ಮಾಡುವುದು. ಊರಿನ ಜನ ಟ್ರಸ್ಟ್ ಕಟ್ಟಿಕೊಂಡು ಇದನ್ನು ವಿರೋಧಿಸಿದರು, ಅರ್ಜಿಗಳು ತಿರಸ್ಕೃತವಾದವು. ಗೋಪುರ ಖಾಲಿ ಬಿದ್ದು ಹಾಳಾಗುವುದಕ್ಕಿಂತ ಯಾರಾದರೂ ವಾಸಿಸಿದರೇನು ತಪ್ಪು ಎಂದು ಕೇಳುವವರು ಇದ್ದರು, ಈಗಲೂ ಇದ್ದಾರೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಮನೆ ಮಾರಿ ಬಂದ ಹಣದಿಂದ ಇಟ್ಟಿಗೆ ಉಳಿಯುವುದಾದರೆ ಅದೂ ಒಂದು ದಾರಿಯೇ, ಮತ್ತು ಹಳೆಯ ಕಟ್ಟಡಗಳೆಲ್ಲ ವಸ್ತುಸಂಗ್ರಹಾಲಯಗಳಾಗಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ.

ಆದರೆ ಜಂಬೋದ ವಿಷಯದಲ್ಲಿ ಆ ದಾರಿ ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಕಾರಣ ಭಾವುಕತೆಯಲ್ಲ, ಕಟ್ಟಡವೇ. ಈ ಕಟ್ಟಡದಲ್ಲಿ ಖಾಲಿ ಜಾಗವೆಂಬುದು ಉಳಿದುಹೋದ ಜಾಗವಲ್ಲ. ತುಂಬಿದ ಹಂಡೆಯನ್ನು ಎತ್ತರದ ಕಾಲ್ಮಣೆಯ ಮೇಲಿಟ್ಟಂತೆ, ಕೆಳಗೆ ಏನೂ ಇಲ್ಲದಿರುವುದರಿಂದಲೇ ಮೇಲಿನ ಭಾರ ಕಣ್ಣಿಗೆ ಕಾಣುತ್ತದೆ. ಕಮಾನುಗಳ ನಡುವೆ ಆಕಾಶ ಕಾಣುವುದರಿಂದಲೇ ಸಾವಿರ ಟನ್ ನೀರನ್ನು ನಾಲ್ಕೇ ಕಾಲು ಹೊತ್ತಿದ್ದವೆಂಬುದು ಓದು ಬಾರದವರಿಗೂ ಅರ್ಥವಾಗುತ್ತದೆ. ಆ ಜಾಗವನ್ನು ಗಾಜಿನಿಂದ ಮುಚ್ಚಿದರೆ ಒಂದು ಇಟ್ಟಿಗೆಯೂ ಕಳೆದುಹೋಗುವುದಿಲ್ಲ, ಕಮಾನೂ ಮುರಿಯುವುದಿಲ್ಲ. ಆದರೂ ಇಟ್ಟಿಗೆಯ ಚೌಕಟ್ಟಿರುವ ಒಂದು ದುಬಾರಿ ವಸತಿ ಸಮುಚ್ಚಯವಷ್ಟೇ ಅಲ್ಲಿ ಉಳಿಯುತ್ತದೆ. ಹೆಗ್ಗುರುತಾಗಲು ಎತ್ತರವೊಂದೇ ಸಾಲದು. ಇದಕ್ಕಿಂತ ಎತ್ತರದ ಕಟ್ಟಡಗಳು ಈ ದೇಶದಲ್ಲಿ ಎಷ್ಟೋ ಇವೆ, ಅವುಗಳಿಗೆ ಜನ ಮುದ್ದಿನ ಹೆಸರಿಟ್ಟಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಊರಿನ ಎದುರು ಬಿಚ್ಚಿ ತೋರಿಸುವ ಕಟ್ಟಡವನ್ನು ಜನ ಹಚ್ಚಿಕೊಳ್ಳುತ್ತಾರೆ.

ಈ ಮಾತು ಬರೆಯುವಾಗ ನನಗೆ ಹೆಸರಘಟ್ಟದ ಕಡೆಯ ಇಟ್ಟಿಗೆ ಮೇಲ್ಗಾಲುವೆಯ ನೆನಪಾಗದೆ ಇರುವುದಿಲ್ಲ. ಜಂಬೋ ಎದ್ದು ಒಂದು ದಶಕವಾದ ಮೇಲೆ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನೀರು ತರುವ ಯೋಜನೆ ಕೈಗೂಡಿತು. ಚಾಮರಾಜೇಂದ್ರ ಜಲಕಾಮಗಾರಿಯೆಂದು ಹೆಸರಾದ ಆ ಯೋಜನೆಯಲ್ಲಿ ಕೆರೆಯ ನೀರು ಇಟ್ಟಿಗೆಯ ಕಮಾನುಗಳ ಮೇಲೆ ಹರಿದು ಸೋಲದೇವನಹಳ್ಳಿಯ ಪಂಪುಮನೆ ತಲುಪುತ್ತಿತ್ತು, ಅಲ್ಲಿಂದ ಮಲ್ಲೇಶ್ವರದ ಕಡೆಗೆ ಏರುತ್ತಿತ್ತು. ಆ ಕಮಾನುಗಳಲ್ಲಿ ಎಷ್ಟೋ ಇಂದಿಗೂ ನಿಂತಿವೆ. ನಮ್ಮ ನಗರದ ಮೊದಲ ಕೊಳವೆ ನೀರು ಹಾದುಬಂದ ಆ ಇಟ್ಟಿಗೆಗೆ ಒಂದು ಮುದ್ದಿನ ಹೆಸರೂ ಇಲ್ಲ, ಅದರ ಹೆಸರು ಹೇಳಿ ದಾರಿ ತೋರಿಸುವವರೂ ವಿರಳ. ಕೋಲ್‌ಚೆಸ್ಟರ್‌ನಲ್ಲಿ ನೀರಿನ ಕಟ್ಟಡಕ್ಕಾಗಿ ಜನ ಸಭೆಗಳಿಗೆ ಹೋಗಿ ಮಾತನಾಡಿದ್ದು, ಆಕ್ಷೇಪಣೆ ಬರೆದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುವುದಕ್ಕೆ ಈ ಹಿನ್ನೆಲೆಯೂ ಇದೆ.

ಇತ್ತೀಚಿನ ವರ್ಷಗಳಲ್ಲಿ ಗೋಪುರದ ದೆಸೆ ತಿರುಗಿದೆ. ಅದನ್ನು ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆಯುವ ಯೋಜನೆಗೆ ರಾಷ್ಟ್ರೀಯ ಲಾಟರಿಯ ಪರಂಪರಾ ನಿಧಿಯ ಬೆಂಬಲ ಸಿಕ್ಕಿದೆ. ಈ ದೇಶದಲ್ಲಿ ಜನ ಲಾಟರಿ ಚೀಟಿಗೆ ಕೊಡುವ ಹಣದ ಒಂದು ಪಾಲು ಇಂಥ ಕೆಲಸಗಳಿಗೆ ಸಲ್ಲುತ್ತದೆ. ಯೋಜನೆ ಕಾಗದದ ಮೇಲೆ ಚೆನ್ನಾಗಿರುವುದು ಬೇರೆ, ಇಟ್ಟಿಗೆಯ ಮೇಲೆ ಚೆನ್ನಾಗಿರುವುದು ಬೇರೆ. ಹಳೆಯ ಇಟ್ಟಿಗೆ ಕಟ್ಟಡಗಳ ದುರಸ್ತಿಯಲ್ಲಿ ಅತಿ ಸಾಮಾನ್ಯವಾದ ಅನಾಹುತ ಸಂದುಗಳಿಗೆ ಸಿಮೆಂಟ್ ತುಂಬುವುದು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು. ಗೋಡೆಯೊಳಗೆ ಸೇರಿದ ತೇವ ಆ ಸಂದುಗಳ ಮೂಲಕ ಹೊರಹೋಗುತ್ತದೆ, ಗೋಡೆ ಬಿಸಿಲು ಚಳಿಗೆ ಹಿಗ್ಗಿ ಕುಗ್ಗುವುದನ್ನು ಗಾರೆ ತಾಳಿಕೊಳ್ಳುತ್ತದೆ. ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕಾಗುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಇಂಗ್ಲೆಂಡಿನ ಪೂರ್ವದ ಬಯಲಿನಲ್ಲಿ, ಸಮುದ್ರದ ಗಾಳಿ ನೇರವಾಗಿ ಬೀಸುವ ದಿಬ್ಬದ ತುದಿಯಲ್ಲಿ, 130 ಅಡಿ ಎತ್ತರದ ಗೋಡೆಗೆ ಈ ತಪ್ಪು ಮಾಡಿದರೆ ಮತ್ತೆ ಸರಿಪಡಿಸಲು ಇನ್ನೊಂದು ತಲೆಮಾರು ದುಡಿಯಬೇಕಾಗುತ್ತದೆ. ಚಾವಣಿಯ ತಾಮ್ರ, ತೊಟ್ಟಿಯ ಕಬ್ಬಿಣ, ಕಬ್ಬಿಣ ಇಟ್ಟಿಗೆಯನ್ನು ಸೇರುವ ಜಾಗದ ತುಕ್ಕು, ಇವೆಲ್ಲ ಒಂದೊಂದೂ ಬೇರೆ ಬೇರೆ ಕಸಬುದಾರರ ಕೈ ಬೇಡುವ ಕೆಲಸಗಳು. ಆದ್ದರಿಂದ ಕೆಲಸ ನಿಧಾನವಾದರೆ ನನಗೆ ಬೇಸರವಿಲ್ಲ.

ಜಂಬೋದ ಒಳಗೆ ಮುಂದೆ ಏನೇ ಬರಲಿ, ಪ್ರದರ್ಶನಗಳು ನಡೆಯಲಿ, ಶಾಲೆಯ ಮಕ್ಕಳು ಬರಲಿ, ತೊಟ್ಟಿಯ ಕಬ್ಬಿಣದ ಗೋಡೆಗಳ ನಡುವೆ ಸಂಗೀತ ಕಛೇರಿಯೇ ಆಗಲಿ, ನನಗೆ ಒಪ್ಪಿಗೆ. ನಡುಗಂಬದ ಮೆಟ್ಟಿಲು ಹತ್ತಲು ಆಗದವರಿಗೂ ತುದಿಯ ಮಂಟಪ ತಲುಪುವ ಅನುಕೂಲ ಇರಬೇಕು. ಆ ಮಂಟಪವನ್ನು ಕಟ್ಟಿದ್ದೇ ಊರು ನೋಡಲೆಂದು, ಅದು ಕೆಲವರ ಪಾಲಾಗಬಾರದು. ಅದಕ್ಕೆ ಬೇಕಾದ ಯಂತ್ರವನ್ನು ಎಲ್ಲಿ ಕೂರಿಸಬೇಕೆಂಬುದು ಕಠಿಣ ಪ್ರಶ್ನೆ. ಎಲ್ಲಿ ಕೂರಿಸಿದರೂ ಕಾಲುಗಳ ನಡುವೆ ಏನಾದರೊಂದು ಕಂಡೇ ಕಾಣುತ್ತದೆ. ಕಂಡರೂ ಅದು ತೆಳ್ಳಗಿರಲಿ, ಬೇಡವೆಂದಾಗ ಇಟ್ಟಿಗೆಗೆ ಗಾಯವಾಗದಂತೆ ಬಿಚ್ಚಿ ತೆಗೆಯುವಂತಿರಲಿ, ಕಮಾನುಗಳ ಆಚೆಗಿನ ಆಕಾಶಕ್ಕೆ ಅಡ್ಡ ಬಾರದಿರಲಿ ಎಂದು ಈ ಊರಿನ ನಿವಾಸಿಯಾಗಿ ನಾನು ಕೇಳುತ್ತೇನೆ.